ಮೆಟ್ಟಿಲತ್ತೆಯ ಆಯುಷ್ಯ

ಬೆಳಿಗ್ಗೆ ಎದ್ದವನೇ ಬಚ್ಚಲಿನ ನಲ್ಲಿಯನ್ನು ಬೈಯಲು ಬಾಯಿ ತೆರೆದರೆ, ಗಂಟಲಿನಿಂದ ಮಾತಿನ ಬದಲು ತೂತುಬಿದ್ದ ಟಯರಿನಿಂದ ಬರುವಂಥ ಬರೀ ಗಾಳಿ ಬಂತು. ನಲ್ಲಿಯನ್ನು ಬೈಯುವುದು ಅವನ ದಿನದ ಮೊದಲ ಕೆಲಸ. ಅದು ಸೋರುತ್ತದೆ, ಇವನು ಬೈಯುತ್ತಾನೆ, ರಿಪೇರಿಯ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಕೆಮ್ಮಿದ, ಕ್ಯಾಕರಿಸಿದ, ಬಿಸಿನೀರು ಮುಕ್ಕಳಿಸಿದ. ಕನ್ನಡಿಯೊಳಗೆ ಬಾಯಿ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿತ್ತೇ ಹೊರತು ಸದ್ದಿಲ್ಲ. ಡ್ರೈವಿಂಗ್ ಕಲಿಸುವವನಿಗೆ ಗಂಟಲೇ ಬಂಡವಾಳ ಎಂಬುದೇನೋ ಸರಿ, ಆದರೆ ಆ ಕ್ಷಣ ಅವನ ಎದೆ ಧಸಕ್ಕೆಂದದ್ದು ಶಿಷ್ಯರನ್ನು ನೆನೆದು ಅಲ್ಲ. ಸಂಜೆ ಓದಬೇಕಲ್ಲ ಎಂದು. ತಾನು ಓದದಿದ್ದರೆ ಹೆಂಡತಿ ಪುಸ್ತಕ ಕೈಗೆ ತೆಗೆದುಕೊಳ್ಳುತ್ತಾಳೆ. ಉಲ್ಲನ್ ದಾರದ ಗುರುತಿಟ್ಟ ಪುಟ ಬಿಡಿಸುತ್ತಾಳೆ. ಬಿಡಿಸಿದರೆ, ಅದರೊಳಗಿನ ಮೆಟ್ಟಿಲತ್ತೆ ಸತ್ತು ಎರಡು ವಾರದ ಮೇಲಾಯಿತು ಎಂಬುದು ಅವಳಿಗೆ ಗೊತ್ತಾಗಿಬಿಡುತ್ತದೆ.

"ರೀ, ನಲ್ಲಿ ಏನು ರಿಪೇರಿ ಆಯ್ತಾ? ಬೈಗುಳಾನೇ ಕೇಳ್ತಿಲ್ಲ," ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಅವನು ಬಾಗಿಲಿಗೆ ಬಂದು ಗಂಟಲು ತೋರಿಸಿ ಕೈ ಅಲ್ಲಾಡಿಸಿದ. ಅವಳು ಸೌಟು ಹಿಡಿದುಕೊಂಡೇ ಹತ್ತಿರ ಬಂದು, ಹಣೆ ಮುಟ್ಟಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, "ಅಂತೂ ದೇವರು ಇದಾನೆ," ಎಂದಳು. ಆಮೇಲೆ ಒಲೆಯ ಕಡೆ ತಿರುಗಿ ಹಗುರವಾಗಿ ಸೇರಿಸಿದಳು: "ಹಂಗಾದ್ರೆ ಇವತ್ತು ಓದೋ ಪಾಳಿ ನಂದು."

ಆ ಮನೆಯಲ್ಲಿ ಎಲೆ ಉದುರುವ ಕಾಲಕ್ಕೆ ಒಂದು ಕಟ್ಟಳೆ. ಗಾಳಿ ತಣ್ಣಗೆ ತಿರುಗಿ, ಬೀದಿಯ ಮರಗಳು ಹಳದಿಗೆ ತಿರುಗಿ, ಸಂಜೆ ಬೇಗ ಬಂದು ಕೂರತೊಡಗಿದ ದಿನದಿಂದ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಎರಡು ಕುರ್ಚಿ ಬೀಳುತ್ತವೆ. ಒಂದರಲ್ಲಿ ಅವಳು, ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ಎರಡು ಕಡ್ಡಿ. ಇನ್ನೊಂದರಲ್ಲಿ ಇವನು, ವಾಚನಾಲಯದಿಂದ ತಂದ ದಪ್ಪ ಕಾದಂಬರಿಯ ಜೊತೆ. ನಡುವೆ ಮುಚ್ಚಿಟ್ಟ ಚಹಾ. ಅವಳು ಹೆಣೆಯುತ್ತಾಳೆ, ಇವನು ಗಟ್ಟಿಯಾಗಿ ಓದುತ್ತಾನೆ. ಹಗಲೆಲ್ಲ 'ಬ್ರೇಕ್! ಬ್ರೇಕ್!' ಎಂದು ಒದರಿದ ಗಂಟಲು ಸಂಜೆ ರಾಜಕುಮಾರಿಯ ಹಾಗೆ ನಾಚುವುದನ್ನು, ಮುದುಕನ ಹಾಗೆ ನರಳುವುದನ್ನು ಕೇಳಿ ಎದುರುಮನೆಯವರು ಮೊದಮೊದಲು ಇವನಿಗೆ ಏನೋ ಆಗಿದೆ ಎಂದೇ ತಿಳಿದಿದ್ದರು. ಕಟ್ಟಳೆಗೆ ಒಂದೇ ನಿಯಮ: ಓದುವವನು ಒಬ್ಬನೇ ಕದ್ದು ಮುಂದೆ ಓದಬಾರದು. ಮಿಕ್ಕ ವಿಷಯಗಳಲ್ಲಿ ಅವನು ಅಂಥ ಶುದ್ಧ ಮನುಷ್ಯನೇನಲ್ಲ. ತೂಕ ಎಷ್ಟೆಂದು ಕೇಳಿದರೆ ಸುಳ್ಳು ಹೇಳುತ್ತಾನೆ. ಆದರೆ ಈ ನಿಯಮವನ್ನು ಮದುವೆಯಾದಾಗಿನಿಂದ ಮುರಿದಿರಲಿಲ್ಲ. ಈ ಸಲ ಮುರಿದ. ಮುರಿದದ್ದು ಸಾಲದೆಂದು ಅದರ ಮೇಲೊಂದು ಕಾರನ್ನೂ ಹತ್ತಿಸಿದ.

ಅಂದಿನ ಮೊದಲ ಪಾಠಕ್ಕೆ ಶಾಲೆಯ ಕಾರಿನೊಳಗೆ ಶಿಷ್ಯೆ, ಹಲ್ಲಿನ ಡಾಕ್ಟರಮ್ಮ, ಸ್ಟೇರಿಂಗನ್ನು ರೋಗಿಯ ದವಡೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳು ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಾಳೆ. ಹಿಂದಕ್ಕೆ ಎಂದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಿನ್ನೆ ಗೋಡೆಗೆ ಗೇಣು ಇರುವಾಗ ಕಣ್ಣು ಮುಚ್ಚಿದ್ದಕ್ಕೇ ಇವನು ಗಂಟಲು ಕಿತ್ತುಬರುವಂತೆ ಕೂಗಿದ್ದು. ಇವತ್ತು ಬೆರಳಲ್ಲೇ ಎಡ, ಬಲ ತೋರಿಸುತ್ತಿದ್ದ. "ಮೇಷ್ಟ್ರೇ, ನೀವು ಬೈತಾನೇ ಇಲ್ಲ. ನಂಗೆ ಭಯ ಆಗ್ತಿದೆ," ಎಂದಳು ಅವಳು. ಅವನು ಗಂಟಲು ತೋರಿಸಿದ. ಕೆಂಪು ದೀಪದಲ್ಲಿ ಗಾಡಿ ನಿಂತಿತ್ತು. "ಎಲ್ಲಿ, ಬಾಯಿ ಆ ಅನ್ನಿ." ಇಷ್ಟು ದಿನ ತನ್ನ ಅಪ್ಪಣೆಗೆ ನಡುಗುತ್ತಿದ್ದವಳ ದನಿಯಲ್ಲಿ ಏನೋ ಇತ್ತು, ಅವನು ಆ ಎಂದ. ಅವಳು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಇಣುಕುವಷ್ಟರಲ್ಲಿ ದೀಪ ಹಸಿರಾಯಿತು, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಪಕ್ಕದ ಬಸ್ಸಿನ ಕಿಟಕಿಗಳಿಂದ ಒಂದು ಸಾಲು ಮುಖಗಳು, ಡ್ರೈವಿಂಗ್ ಶಾಲೆಯ ಬೋರ್ಡು ಹೊತ್ತ ಕಾರಿನಲ್ಲಿ ಬಾಯಿ ಕಿಸಿದು ಕೂತ ಮೇಷ್ಟ್ರನ್ನು ನೋಡುತ್ತ ಮುಂದೆ ಸರಿದವು. "ಗಂಟಲು ನನ್ನ ಇಲಾಖೆ ಅಲ್ಲ, ಆದ್ರೂ ಕೆಂಡದ ಥರ ಇದೆ. ಮಾತಾಡ್ಬೇಡಿ, ಪಿಸುಗುಟ್ಟಲೂಬೇಡಿ. ಹಿಂದಿನ ದವಡೆ ಹಲ್ಲು ಮಾತ್ರ ನನ್ನ ಇಲಾಖೆ. ಅದು ಹೋಗಿದೆ," ಎಂದು ಅವಳು ಗೇರು ಹಾಕಿದಳು. ಅವನ ಬಲಗಾಲು ತನ್ನ ಬದಿಯ ಬ್ರೇಕನ್ನು ತಾನೇ ಹುಡುಕಿ ಒತ್ತಿತು. ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆ. ಅದು ಅಭ್ಯಾಸವಾದ ಮನುಷ್ಯನಿಗೆ ಲೋಕದಲ್ಲಿ ಯಾರು ಏನು ಓಡಿಸಿದರೂ ತಾನು ನಿಲ್ಲಿಸಬಲ್ಲೆ ಎಂಬ ಭ್ರಮೆ ಹತ್ತುತ್ತದೆ.

ಕದ್ದು ಓದಿದ ಆ ಪಾಪ ಎರಡು ವಾರದ ಹಿಂದೆ ನಡೆದದ್ದು ಇದೇ ಸೀಟಿನಲ್ಲಿ. ಶಿಷ್ಯನೊಬ್ಬ ಬರುವುದು ತಡವಾಗಿ, ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ವಾಚನಾಲಯದಲ್ಲಿ ಅವಧಿ ಮುಂದಕ್ಕೆ ಬರೆಸಿಕೊಂಡು ಬರಲು ತಂದಿದ್ದ ಪುಸ್ತಕ ಪಕ್ಕದಲ್ಲೇ ಬಿದ್ದಿತ್ತು. ಗಾಜಿನ ಮೇಲೆ ಹಳದಿ ಎಲೆ ಒಂದೊಂದಾಗಿ ಬೀಳುತ್ತಿತ್ತು. ಒಂದೇ ಒಂದು ಪುಟ ಎಂದುಕೊಂಡ. ಮೊದಲ ಗುಟುಕು ಕುಡಿಯುವವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಹಳೆಯ ಕಾಲದ ಕಥೆ ಅದು, ಕುದುರೆಗಾಡಿ, ಲಾಂದ್ರದ ಕಾಲದ್ದು. ಮೂರಂತಸ್ತಿನ ಮನೆ, ಮೆಟ್ಟಿಲ ಮೇಲೆ ಯಾವಾಗಲೂ ಕೂತು ಹೋಗಿಬರುವವರಿಗೆಲ್ಲ ಮಂಗಳಾರತಿ ಎತ್ತುವ ಒಬ್ಬ ಸೋದರತ್ತೆ. ಮೆಟ್ಟಿಲತ್ತೆ ಎಂದು ಹೆಸರಿಟ್ಟವಳು ಹೆಂಡತಿ. ಆ ಅತ್ತೆ ಮೊದಲ ಸಲ ಬಾಯಿ ಬಿಟ್ಟ ಸಂಜೆ ಹೆಂಡತಿ ನಕ್ಕಿದ್ದಳು. ನಕ್ಕಳು ಎಂದರೆ ಕಡ್ಡಿಗಳ ಸದ್ದು ನಿಂತು, ಮೂಗಿನಿಂದ ಫುಸ್ ಎಂದು ಉಸಿರು ಬಂತು, ಅಷ್ಟೆ. ಆದರೆ ವಸಂತದಲ್ಲಿ ಅವಳ ಅಮ್ಮ ಹೋದ ಮೇಲೆ ಅದೇ ಮೊದಲು. ಅಲ್ಲಿಯವರೆಗೆ ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದಳು: ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಬೇಯಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕಾಲ ಬಂತೆಂದು ಹೆಣಿಗೆ ಕಡ್ಡಿಯನ್ನೂ ತೆಗೆದಳು. ಕಡ್ಡಿ ಹಿಡಿಯಲು ಕಲಿಸಿದ್ದು ಅಮ್ಮನೇ. ಮೊದಲ ದಿನಗಳಲ್ಲಿ ಅವಳು ಎಷ್ಟು ಬಿಗಿಯಾಗಿ ಹೆಣೆದಳೆಂದರೆ ಕುಣಿಕೆಯೊಳಗೆ ಕಡ್ಡಿ ನುಗ್ಗದೆ ಕಿರಗುಟ್ಟುತ್ತಿತ್ತು. ಇಂಥ ಹೊತ್ತಿನಲ್ಲಿ ಒಂದು ಫುಸ್ ಎಂದರೆ ಸಣ್ಣ ಮಾತೇ? ಮರದ ಕೆಳಗೆ ಕೂತು ಪುಟ ತಿರುಗಿಸುತ್ತ ಹೋದವನಿಗೆ ಹತ್ತೇ ಪುಟದಲ್ಲಿ ಎದುರಾದದ್ದು ಅತ್ತೆಯ ಹೆಣ. ಒಂದು ಕೆಮ್ಮಿಲ್ಲ, ಒಂದು ಮುನ್ಸೂಚನೆಯಿಲ್ಲ. ಸಿಗ್ನಲ್ ಹಾಕದೆ ತಿರುಗಿಸುವ ಚಾಲಕರನ್ನು ಬೈಯುವಂತೆ ಅವನು ಆ ಲೇಖಕನನ್ನು ಬಾಯಿಗೆ ಬಂದಂತೆ ಬೈದ. ಬಂದ ಶಿಷ್ಯ ತನಗೇ ಬೈದರೆಂದು ತಿಳಿದು ಕ್ಷಮೆ ಕೇಳಿದ.

ಅಂದು ಸಂಜೆ ಆ ಪುಟ ಬರುವಾಗ ಅವನ ಬಲಗಾಲು ನೆಲವನ್ನು ಒತ್ತತೊಡಗಿತ್ತು. "ಕಾಲು ಯಾಕ್ರೀ ಹಂಗೆ ಒತ್ತುತಾ ಇದೀರಿ?" ಎಂದಳು. "ಜೋಮು," ಎಂದು ಪುಟ ತಿರುಗಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಮೆಟ್ಟಿಲು ಖಾಲಿಯಾಗಿತ್ತು ಎಂದು ಅಚ್ಚಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ, ಎಂದು ಓದಿದ ಅವನು, ಒಂದು ಉಸಿರು ನಿಲ್ಲಿಸಿ, ಅತ್ತೆ ಮೆಟ್ಟಿಲ ಮೇಲೆ ಕೂತು ಹಾಲು ತಡವಾಯಿತೆಂದು ಬೈಯುತ್ತಿದ್ದಳು, ಎಂದುಬಿಟ್ಟ. ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಮುಂದಿನ ಸಂಜೆಗಳಲ್ಲಿ ಮಾತ್ರ ಕಷ್ಟವಾಯಿತು. ಹಳ್ಳಿ ಶಾಲೆಯಲ್ಲಿ ಹಸುವಿನ ಮೇಲೆ ಪ್ರಬಂಧ ಬರೆದದ್ದೇ ಅವನ ಸಾಹಿತ್ಯ. ಬದುಕಿದ ಅತ್ತೆಗೆ ಏನಾದರೂ ಕೆಲಸ ಬೇಕಲ್ಲ? ಹೊಳೆಯದೆ ಹೊಳೆಯದೆ, ತನಗೆ ಗೊತ್ತಿದ್ದ ಒಂದೇ ಕೆಲಸ ಕೊಟ್ಟ: ಅವಳು ಕಾರು ಕಲಿಯಲು ಹೊರಟಳು. "ಆ ಕಾಲದಲ್ಲಿ ಕಾರಿತ್ತಾ?" ಎಂದು ಹೆಂಡತಿ ಕೇಳಿದಳು. "ಹೊಸದಾಗಿ ಬಂದಿತ್ತು ಅಂತ ಬರ್ದಿದಾನೆ," ಎಂದು ಪುಸ್ತಕದ ಮೇಲೆ ಬೆರಳಿಟ್ಟ. "ಓಹೋ," ಎಂದು ಅವಳು ಉಂಡೆಯಿಂದ ದಾರ ಎಳೆದುಕೊಂಡಳು. ಆಮೇಲೆ ಅತ್ತೆಗೆ ಲಗಾಮಿಲ್ಲವಾಯಿತು. ಕುದುರೆಗಾಡಿಗಳನ್ನು ಹಿಂದೆ ಹಾಕಿದಳು, ಕ್ಲಚ್ಚನ್ನು ಜಾಡಿಸಿ ಒದ್ದಳು, ಕಲಿಸುವ ಮೇಷ್ಟ್ರಿಗೇ ಪಾಠ ಹೇಳಿದಳು. ಹಿಂದಿನದನ್ನು ತೋರಿಸುವ ಕನ್ನಡಿ ಸರಿಮಾಡಿಕೊಳ್ಳಿ ಎಂದ ಮೇಷ್ಟ್ರಿಗೆ, "ಕತ್ತೆಗೆ ಕನ್ನಡಿ ತೋರ್ಸಿದ್ರೆ ಅದು ಕನ್ನಡೀನೇ ಒದೀತಂತೆ. ಮೊದ್ಲು ನಿಮ್ಮ ಮುಖ ಆಚೆ ತಿರುಗಿಸಿ, ಮೇಷ್ಟ್ರೇ," ಎಂದಳು. ಆ ಮಾತಿಗೆ ಹೆಂಡತಿ ಫುಸ್ ಎನ್ನಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಡ್ಡಿ ಕೆಳಗೆ ಬಿದ್ದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಇವನು ಪುಸ್ತಕದ ಮರೆಯಲ್ಲಿ ಮೀಸೆ ತೀಡಿಕೊಂಡ. ತನ್ನೊಳಗೆ ಇಂಥ ಒಬ್ಬ ಕಥೆಗಾರ ಇಷ್ಟು ವರ್ಷ ಕ್ಲಚ್ಚು ಬ್ರೇಕುಗಳ ನಡುವೆ ವ್ಯರ್ಥವಾದನಲ್ಲ ಎಂದು ಕೊಂಚ ಮರುಕವೂ ಆಯಿತು.

ಇವತ್ತು ಮಧ್ಯಾಹ್ನ ಹೆಂಡತಿ ಅಂಗಡಿಯಿಂದ ಬರುವ ಮೊದಲೇ ಅವನು ಮನೆಗೆ ಬಂದ. ಬೂಟು ಬಿಚ್ಚದೆ ಕೋಣೆಯಲ್ಲಿ ಪುಸ್ತಕ ಹಿಡಿದುಕೊಂಡು, ಮರಿ ಸತ್ತ ಕೋತಿಯ ಹಾಗೆ ಅತ್ತಿಂದಿತ್ತ ಅಲೆದ. ಕಿಟಕಿಯ ಬಿಸಿಲು ಎರಡು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ಅವಳ ಕುರ್ಚಿಯಲ್ಲಿ ಅರ್ಧ ಮುಗಿದ ಸ್ವೆಟರು ಮುದುರಿ ಮಲಗಿದ ಬೆಕ್ಕಿನಂತಿತ್ತು. ಸಿಕ್ಕಿಬೀಳುವುದಕ್ಕೆ ಅವನು ಹೆದರಿರಲಿಲ್ಲ, ಅದು ಅಭ್ಯಾಸವಿದೆ. ಆ ಅಚ್ಚಾದ ಸಾಲು ಅವಳ ಕಣ್ಣಿಗೆ ಬಿದ್ದರೆ ಅವಳು ಮತ್ತೆ ವಸಂತಕ್ಕೇ ಹೋಗಿ ಕೂತುಬಿಟ್ಟರೆ? ಮತ್ತೆ ಆ ಕಿರಗುಟ್ಟುವ ಕಡ್ಡಿ, ಆ ಸರಿಯಾದ ಉತ್ತರಗಳು. ಸ್ಟೂಲು ಹತ್ತಿ ಬೀರುವಿನ ಮೇಲೆ, ಪೆಟ್ಟಿಗೆಯ ಹಿಂದೆ ಪುಸ್ತಕ ನೂಕಿದ. ಕೆಳಗಿಳಿದಾಗ ಮೊಣಕಾಲು ಲಟಕ್ಕೆಂದಿತು. ಆ ಲಟಕ್ಕಿಗೆ ಅತ್ತೆ ನೆನಪಾದಳು, ಪುಸ್ತಕದವಳಲ್ಲ, ನಿಜವಾದವಳು, ಹೆಂಡತಿಯ ಅಮ್ಮ. ಆಕೆಯ ಮೊಣಕಾಲೂ ಹೀಗೆಯೇ ಸದ್ದು ಮಾಡುತ್ತಿತ್ತು. ಅಳಿಯನನ್ನು ಬೈಯುವಾಗಲೂ ಆಕೆ ಬಹುವಚನ ಬಿಟ್ಟವಳಲ್ಲ. "ಅಳಿಯಂದಿರೇ, ತಮ್ಮ ಗಂಟಲಿಗೊಂದು ಸೈಲೆನ್ಸರ್ ಹಾಕಿಸಬಾರದಾ?" ಏಕವಚನದಲ್ಲಿ ಬೈದಿದ್ದರೆ ಜಗಳವಾಡಬಹುದಿತ್ತು. ಈ ಮರ್ಯಾದೆಗೆ ಎದುರಾಡುವುದು ಹೇಗೆ? ಹಿಂದಿನ ಸೀಟಿನಲ್ಲಿ ಕೂತು ನಿಧಾನ, ಎಡಕ್ಕೆ, ಅಲ್ಲೊಂದು ನಾಯಿ ಎಂದು ಮೇಷ್ಟ್ರಿಗೇ ದಾರಿ ತೋರುತ್ತಿದ್ದಳು. ಹೋದ ಚಳಿಗಾಲದಲ್ಲಿ ಒಂದು ದಿನ ತಾಳ್ಮೆ ಕೆಟ್ಟು, ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, "ಹಂಗಾದ್ರೆ ನೀವೇ ನಡ್ಕೊಂಡು ಹೋಗಿ," ಎಂದಿದ್ದ. ಆಕೆ ಸೆರಗು ಸರಿಮಾಡಿಕೊಂಡು ಇಳಿದಳು. ಇಳಿಯುವಳೆಂದು ಅವನು ಅಂದುಕೊಂಡಿರಲಿಲ್ಲ. ಕಾಲುದಾರಿಯಲ್ಲಿ ಮೊಣಕಾಲು ಹಿಡಿದುಕೊಂಡು ನಡೆದವಳ ಪಕ್ಕದಲ್ಲೇ ಮನೆಯವರೆಗೂ ಮೊದಲ ಗೇರಿನಲ್ಲಿ ಗಾಡಿ ಓಡಿಸಿದ. 'ಹತ್ತಿಕೊಳ್ಳಿ' ಎನ್ನಲು ಬಾಯಿ ಬರಲಿಲ್ಲ. ದಿನಕ್ಕೆ ಸಾವಿರ ಸಲ ತೆರೆಯುವ ಬಾಯಿ. ಆಕೆ ಮತ್ತೆ ಆ ಕಾರು ಹತ್ತಲಿಲ್ಲ. ಮಗಳಿಗೆ ಹೇಳಿದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಕೇಳಲು ಧೈರ್ಯ ಬಂದಿಲ್ಲ.

ಸಂಜೆ ಹೆಂಡತಿ ಚಹಾ ತಂದಿಟ್ಟಳು, ಇವನಿಗೆ ಪ್ರತ್ಯೇಕವಾಗಿ ಒಂದು ಲೋಟ ಬಿಸಿನೀರು. ಶಾಲು ಹೊದ್ದಳು. "ಪುಸ್ತಕ ಎಲ್ಲಿ?" ಎಂದಳು. ಅವನು ಭುಜ ಹಾರಿಸಿದ. ಸ್ವರವಿಲ್ಲದವನಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಮುಖ ಒಂದೇ ಉಳಿಯುತ್ತದೆ, ಅದಕ್ಕೆ ತರಬೇತಿ ಇಲ್ಲ. ಅವಳು ಒಂದು ಗಳಿಗೆ ಆ ಮುಖ ನೋಡಿ, ಒಳಗೆ ಹೋಗಿ, ಸ್ಟೂಲು ಎಳೆದು, ಬೀರುವಿನ ಮೇಲಿಂದ ಪುಸ್ತಕ ತೆಗೆದುಕೊಂಡು ಬಂದಳು. "ನೀವು ಏನು ಬಚ್ಚಿಟ್ರೂ ಅಲ್ಲೇ ತಾನೇ ಬಚ್ಚಿಡೋದು," ಎಂದು ಶಾಲಿನಿಂದ ಧೂಳು ಒರೆಸಿದಳು. ದಾರದ ಗುರುತು ಬಿಡಿಸಿದಳು. ಅವನು ಕೈ ಚಾಚಿದ. ಅವಳು ಪುಸ್ತಕವನ್ನು ಆಚೆ ಬದಿಗೆ ಸರಿಸಿಕೊಂಡಳು. ಅವನ ಬಲಗಾಲು ನೆಲದೊಳಗೆ ಇಳಿದುಹೋಗುವಷ್ಟು ಒತ್ತುತ್ತಿತ್ತು. ಅವಳು ಒಂದು ಪುಟ ಹಿಂದಕ್ಕೆ ತಿರುಗಿಸಿದಳು, ಮತ್ತೊಂದು, ಮತ್ತೆ ಹತ್ತಾರು. ಖಾಲಿ ಮೆಟ್ಟಿಲಿನ ಪುಟಕ್ಕೆ ಬಂದು ನಿಲ್ಲಿಸಿದಳು.

"ಕಾರೇ ಇಲ್ವಲ್ರೀ ಇದರಲ್ಲಿ," ಎಂದಳು.

ಅವನು ಕಿಟಕಿಯ ಆಚೆ ನೋಡಿದ. ಎದುರುಮನೆಯವರು ಎಲೆ ಗುಡಿಸುತ್ತಿದ್ದರು. ಗುಡಿಸಿದ ಹಿಂದೆಯೇ ಮತ್ತೆ ಬೀಳುತ್ತಿತ್ತು.

"ನನ್ ಕಡೆ ನೋಡಿ. ನಾನು ಎಲ್ಲಿ ಕೆಲ್ಸ ಮಾಡ್ತೀನಿ ಹೇಳಿ? ಕಣ್ಣಿಗೆ ಕಾಣದೇ ಇದ್ರೂ ಪರೀಕ್ಷೆ ಬೋರ್ಡಿನ ಮೇಲಿನ ಅಕ್ಷರ ಬಾಯಿಪಾಠ ಮಾಡ್ಕೊಂಡು ಬಂದು ಒಪ್ಪಿಸೋರನ್ನ ದಿನಾ ನೋಡ್ತೀನಿ. ಓದೋರ ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತೆ. ನಿಮ್ಮ ಕಣ್ಣು ಎಲ್ಲಿತ್ತು? ಗೋಡೆ ಮೇಲಿನ ಹಲ್ಲಿ ಹತ್ರ."

ಅವನು ತಲೆ ತಗ್ಗಿಸಿದ. ಎರಡು ವಾರದ ಕಥೆಗಾರನ ಮೀಸೆ ಸಣ್ಣಗೆ ಅದುರಿತು.

"ಆದ್ರೆ ಕಣ್ಣಿಗೂ ಮೊದ್ಲೇ ಗೊತ್ತಾಗಿತ್ತು." ಅವಳು ಸ್ವೆಟರನ್ನು ಎತ್ತಿ ಬೆಳಕಿಗೆ ಹಿಡಿದಳು. ಕೆಳಗಿನ ಭಾಗ ಇಷ್ಟೇ ಅಗಲ, ಹತ್ತು ವರ್ಷದ ಹುಡುಗನಿಗೆ ಸರಿ. ಒಂದು ಸಾಲು ದಾಟಿದ ಮೇಲೆ ಇದ್ದಕ್ಕಿದ್ದಂತೆ ಹಿಗ್ಗಿ ಪೈಲ್ವಾನನ ಎದೆಯಾಗಿತ್ತು. "ಈ ಸಾಲು ನೋಡಿ. ಇಲ್ಲಿಂದ ಸಡಿಲ. ಇದು ಯಾವ ಸಂಜೆ ಹೇಳಿ? ಕತ್ತೆ, ಕನ್ನಡಿ ಅಂದ್ರಲ್ಲ, ಆವತ್ತಿಂದು. ಅದು ಯಾವ ಪುಸ್ತಕದಲ್ಲೂ ಇರೋ ಗಾದೆ ಅಲ್ಲ. ಅಮ್ಮ ತಾನೇ ಕಟ್ಟಿದ್ದು. ನಂಗೆ ಹದಿನಾರು ತುಂಬಿದಾಗ ನಾನು ಕನ್ನಡಿ ಮುಂದೆ ನಿಂತಿದ್ದಕ್ಕೆ ಅಂದಿದ್ಲು. ನಿಮಗೂ ಯಾವತ್ತೋ ಅಂದಿರ್ಬೇಕು."

ಅಂದಿದ್ದಳು. ಕಾರಿನಲ್ಲೇ, ಹಿಂದಿನ ಸೀಟಿನಿಂದ. ಅವನು ಅದನ್ನು ತನ್ನದೇ ಪ್ರತಿಭೆ ಎಂದು ತಿಳಿದು ಮೀಸೆ ತೀಡಿದ್ದ. ಒಂದೊಂದಾಗಿ ಎಲ್ಲವೂ ಕಣ್ಣೆದುರು ಬಂತು: ಬಹುವಚನ, ನಿಧಾನ ಎನ್ನುವುದು, ಅಲ್ಲೊಂದು ನಾಯಿ. ಇಷ್ಟು ದಿನ ಗಂಟಲು ತನ್ನದಾದರೂ ಮಾತಾಡಿದ್ದು ಯಾರು? ಅವನಿಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಸತ್ತ ಮೇಲೂ ಆ ಮುದುಕಿ ಇವನ ಸ್ಟೇರಿಂಗ್ ಹಿಡಿದಿದ್ದಳು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವನು ಕೈಸನ್ನೆಯಲ್ಲಿ ಕೇಳಿದ.

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ. ದಿನಾ ಸಂಜೆ ಅಮ್ಮ ಬಂದು ಒಂದು ಗಂಟೆ ಬೈದು ಹೋಗ್ತಿದ್ಲು. ನಾನ್ಯಾಕೆ ಬೇಡ ಅನ್ಲಿ?" ಎಂದು ಅವಳು ಮತ್ತೆ ಪುಸ್ತಕದ ಕಡೆ ತಿರುಗಿದಳು. "ಈಗ ಇದನ್ನ ಓದ್ತೀನಿ. ಎಲ್ಲೂ ಹೋಗಬೇಡಿ."

ಅವಳು ಓದಿದಳು. ಖಾಲಿ ಮೆಟ್ಟಿಲನ್ನು ಓದಿದಳು, ಬಿಳಿಯ ಬಟ್ಟೆಯನ್ನು, ಅಂಗಳದಲ್ಲಿ ಗುಂಪುಗೂಡಿದವರನ್ನು. ದನಿ ಒಂದು ಸಲವೂ ಒಡೆಯಲಿಲ್ಲ. ಓದುವವರ ಕಣ್ಣು ಹೇಗೆ ಚಲಿಸಬೇಕೋ ಹಾಗೆ ಅವಳ ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತಿತ್ತು. ಇವನು, ಎರಡು ವಾರ ಸಾವನ್ನು ತಡೆದು ನಿಲ್ಲಿಸಿದ ಶೂರ, ಅಂಗಿಯ ತೋಳಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದ. ಸದ್ದಿಲ್ಲದ ಅಳು ಎಷ್ಟು ನಗೆಪಾಟಲಾಗಿ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಹೆಗಲು ಮಾತ್ರ ಕೆಟ್ಟ ಇಂಜಿನ್ನಿನಂತೆ ಕುಲುಕುತ್ತಿದ್ದವು. ಅಧ್ಯಾಯ ಮುಗಿಯಿತು. ಅವಳು ಪುಸ್ತಕ ಮುಚ್ಚಿದಳು. ಅವನು ತಲೆಯೆತ್ತಿ ಏನೋ ಹೇಳಲು ಬಾಯಿ ತೆರೆದ: ನಾನು ಅವರನ್ನು ಕಾರಿನಿಂದ ಇಳಿಸಿದ್ದೆ, ಒಂದು ಸಲ, ಚಳಿಯಲ್ಲಿ. ತುಟಿಗಳಷ್ಟೇ ಅಲ್ಲಾಡಿದವು.

ಅವಳು ಆ ತುಟಿಗಳನ್ನೇ ನೋಡುತ್ತಿದ್ದಳು. "ಗೊತ್ತು," ಎಂದಳು. "ಆವತ್ತೇ ಅಮ್ಮ ಬಂದು ಹೇಳಿದ್ಲು. ಏನಂದ್ಲು ಗೊತ್ತಾ?"

ಬೇಡ ಎಂದು ತಲೆಯಾಡಿಸುವ ಮೊದಲೇ ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ಶಾಲನ್ನು ಸೆರಗಿನ ಹಾಗೆ ಎಳೆದುಕೊಂಡು, ಗದ್ದ ಮುಂದೆ ಚಾಚಿದಳು. ಅವನು ಬೆಚ್ಚಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಇವಳ ಗಂಟಲಿನ ತಳದಲ್ಲಿ ಆ ದನಿ ಹಾಗೇ ಕೂತಿರುವುದನ್ನು ಅವನು ಕೇಳಿರಲಿಲ್ಲ. ಅವನು ಅನುಕರಿಸುತ್ತಿದ್ದುದು ಇದರ ಮುಂದೆ ತಗಡಿನ ತುತ್ತೂರಿ.

"ಗಾಡಿಯೇನೋ ದೊಡ್ಡ ಜಂಬದ್ದು ಕಣೇ, ಆದ್ರೆ ನಿನ್ನ ಗಂಡ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ತೆವಳ್ಕೊಂಡು ಬಂದ್ರು. ಬಾಯಿ ಅಷ್ಟುದ್ದ, ಕರೆಯೋಕೆ ಮಾತ್ರ ಒಂದಕ್ಷರ ಬರ್ಲಿಲ್ಲ. ಪಾಪ, ಒಳ್ಳೆಯವರೇ. ಯಾರಿಗೂ ಹೇಳ್ಬೇಡ, ಕೊಬ್ತಾರೆ."

ಅವನ ಹೆಗಲು ಮತ್ತೆ ಕುಲುಕಿದವು. ಈ ಸಲ ಅದು ಅಳುವೋ ನಗುವೋ ಅವನಿಗೇ ತಿಳಿಯಲಿಲ್ಲ. ಕೈ ಮುಂದೆ ಮಾಡಿ, ಮುಂದೆ, ಇನ್ನೂ ಮುಂದೆ ಎಂದು ಸನ್ನೆ ಮಾಡಿದ. ಇಷ್ಟು ಸಾಲದು, ಸರಿಯಾಗಿ, ಬಡ್ಡಿ ಸಮೇತ ಬೈಸಿಕೊಳ್ಳಬೇಕಿತ್ತು.

ಅವಳು ಸುತ್ತ ನೋಡಿದಳು, ಬೈಯಲು ಏನಾದರೂ ಸಿಗುತ್ತದೆಯೇ ಎಂದು. ಸಿಕ್ಕಿತು.

"ಏನು ಅಳಿಯಂದಿರೇ," ಎಂದಿತು ಆ ದನಿ, "ಬಿಸಿನೀರು ಆರಿ ಹೋಗ್ತಿದೆ. ತಾವು ಅದನ್ನ ಕುಡೀಬೇಕಾದ್ರೂ ಯಾರಾದ್ರೂ ಹಿಂದಿನ ಸೀಟಲ್ಲಿ ಕೂತು ಹೇಳ್ಬೇಕಾ?"

ಅವನು ಎರಡೂ ಕೈಯಲ್ಲಿ ಲೋಟ ಹಿಡಿದು, ಕೊನೆಯ ಹನಿಯವರೆಗೂ ಕುಡಿದ.